ಏಳನೆಯ ಕುಂಡದ ಕೋಟು

ಒಳಕೋಣೆಯಲ್ಲಿ ಹೊಲಿಗೆ ಮಷೀನು ಓಡತೊಡಗಿದಾಗ ನಡುಮನೆಯಲ್ಲಿ ಕೂತಿದ್ದವರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಮೂವತ್ತೆಂಟು ವರ್ಷ ಆ ಮಷೀನು ತುಳಿದ ಟೈಲರು ಅವರೆದುರಿಗೇ ಮಲಗಿದ್ದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಟೈಲರನ ಅಕ್ಕ ಎದ್ದುಹೋಗಿ ಪರದೆ ಸರಿಸಿದಳು. ತಮ್ಮನ ಹೆಂಡತಿ ಗೋಣಿಯ ಎರಡು ತುಂಡು ಜೋಡಿಸಿ ಸೂಜಿಯ ಕೆಳಗೆ ತಳ್ಳುತ್ತಿದ್ದಳು.

"ಏನೇ ಇದು? ಗಂಡ ಅಲ್ಲಿ ಮಲಗಿದಾನೆ. ಜನ ಏನಂದ್ಕೋತಾರೆ?"

"ಆರು ಗುಲಾಬಿ ಕುಂಡಕ್ಕೆ ಚಳಿ ತಡೆಯೋಕೆ ಅಂತ ಅವ್ರೇ ಕೋಟು ಹಾಕಿಟ್ರು ಅಕ್ಕ. ಏಳನೇದು ಉಳೀತು. ಇವತ್ತು ರಾತ್ರಿ ಬಕೆಟ್ಟಲ್ಲಿ ನೀರು ಗಟ್ಟಿಯಾಗತ್ತಂತೆ, ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ರು."

"ಒಂದು ಕಂಬಳಿ ಸುತ್ತು, ಸಾಕು."

"ಕಂಬಳಿ ನೆನೆದ್ರೆ ಅದೇ ಮಂಜುಗಡ್ಡೆ. ಗೋಣೀನೇ ಬೇಕು, ಒಳಗೆ ಒಣಹುಲ್ಲು ತುಂಬ್ಬೇಕು."

"ಹೋದ ವರ್ಷದ ಕೋಟು ಎಲ್ಲಿ ಹೋಯ್ತು?"

"ಈ ಸಲ ಗಿಡಾನ ದೊಡ್ಡ ಕುಂಡಕ್ಕೆ ಬದಲಾಯ್ಸಿದ್ರು. ಹಳೇ ಕೋಟಿನ ಮಡಿಕೆ ಪೂರ್ತಿ ಬಿಚ್ಚಿದ್ರೂ ಸಾಲ್ದು."

ಬಾಗಿಲಲ್ಲಿ ನಿಂತಿದ್ದ ಪೋಸ್ಟ್‌ಮ್ಯಾನ್, ಟೈಲರನ ಹಳೆಯ ಗೆಳೆಯ, ಕಣ್ಣೊರೆಸಿಕೊಂಡ. "ನನ್ನ ಪ್ಯಾಂಟು ಮೂರು ತಿಂಗಳಿಂದ ಆ ಮೊಳೆಗೆ ನೇತಾಡ್ತಿದೆ. ಕೇಳಿದಾಗೆಲ್ಲ ನಾಳೆ ಅಂತಿದ್ದ. ಗುಲಾಬಿಗೆ ಮಾತ್ರ ಒಂದು ದಿನಾನೂ ತಪ್ಪಿಸ್ಲಿಲ್ಲ, ಮಹಾರಾಯ."

ಯಾರೋ ಕಿಸಕ್ಕನೆ ನಕ್ಕು, ಬಾಯಿಗೆ ಸೆರಗು ಹಿಡಿದರು.

ಹೆಂಡತಿ ಹೊರಗೆ ಬಂದು, ಗಂಡನ ತಲೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಎತ್ತಿ, ಟೇಪು ತೆಗೆದುಕೊಂಡಳು.

"ಅದು ಅವನ ಜೊತೆ ಹೋಗ್ಲಿ ಅಂತಿದ್ವಿ," ಎಂದಳು ಅಕ್ಕ.

"ಹೋಗ್ಲಿ. ಒಂದೇ ಒಂದು ಅಳತೆ ಬೇಕು. ವಾಪಸ್ ಹಾಕ್ತೀನಿ."

ಹಿತ್ತಿಲಿಗೆ ಹೋಗಿ ಕುಂಡದ ಸುತ್ತಳತೆ ಹಿಡಿದು ಬಂದಳು. ಹೇಳಿದಂತೆಯೇ ಟೇಪನ್ನು ಅವನ ಕೊರಳಿಗೆ ಹಾಕಿ, ಎರಡು ತುದಿಗಳನ್ನೂ ಸಮ ಮಾಡಿದಳು.

*

ಆ ಏಳನೆಯ ಕುಂಡದ ಗಿಡ ಅವಳ ತವರಿನದು. ಮದುವೆಯಾಗಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ. ಮೊದಲ ಚಳಿಗಾಲದಲ್ಲಿ, ಪಾಪ ನಡುಗುತ್ತಿದೆಯಲ್ಲ ಎಂದು ಅವಳು ಒಂದು ಚೆಂಬು ಬಿಸಿನೀರು ಹುಯ್ದಳು. ಎರಡೇ ದಿನಕ್ಕೆ ಗಿಡ ಕಪ್ಪಾಯಿತು.

ಅವನು ಬೈಯಲಿಲ್ಲ. ಮಂಡಿಯೂರಿ ಕೂತು, ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದ.

"ಇಲ್ನೋಡು, ಹಸಿರಿದೆ. ಪೂರ್ತಿ ಸತ್ತಿಲ್ಲ."

"ನೆಲದಲ್ಲಿ ನೆಟ್ಟಿರೋ ಗಿಡಕ್ಕೆ ಏನೂ ಆಗಿಲ್ವಲ್ಲ?" ಎಂದಳು.

"ನೆಲದಲ್ಲಿರೋದಕ್ಕೆ ಭೂಮಿನೇ ಹೊದಿಕೆ. ಬುಡಕ್ಕೆ ಮಣ್ಣು ಏರಿಸಿದ್ರೆ ಆಯ್ತು. ಕುಂಡದ್ದಕ್ಕೆ ನಾಲ್ಕೂ ಕಡೆಯಿಂದ ಚಳಿ."

ಆ ಸಂಜೆ ಅವನು ಗಿರಾಕಿಯ ಎದೆಯಳತೆ ತೆಗೆಯುವ ಹಾಗೆ ಕುಂಡಕ್ಕೆ ಟೇಪು ಹಿಡಿದು ಮೊದಲ ಕೋಟು ಹೊಲಿದ. ಅಂಚನ್ನು ಒಳಕ್ಕೆ ಎರಡು ಇಂಚು ಮಡಚಿದ್ದು ನೋಡಿ ಅವಳು ನಕ್ಕಳು.

"ಇದೇನು, ಸ್ಕೂಲ್ ಮಕ್ಕಳ ಯೂನಿಫಾರ್ಮಾ?"

"ಬೆಳೆಯೋ ಮೈಗೆ ಹೊಲಿಯೋವಾಗ ಬರೋ ವರ್ಷದ ಬಟ್ಟೇನೂ ಒಳಗೇ ಇಟ್ಟಿರ್ಬೇಕು," ಎಂದ. ಸೂಜಿ ಬಾಯಲ್ಲಿತ್ತು. ಅರ್ಧ ಮಾತು ಅವಳೇ ಊಹಿಸಿಕೊಂಡಳು.

*

ಏಳನೆಯ ಕೋಟಿನ ಒಂದು ಪಕ್ಕ ಹೊಲಿದಾಗಿತ್ತು, ಇನ್ನೊಂದು ಬಾಕಿಯಿತ್ತು. ಅಷ್ಟರಲ್ಲಿ ಅವನನ್ನು ಒಯ್ಯಲು ಗಾಡಿ ಬಂತು. ಅವಳು ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಮುಖ ತೊಳೆದು, ಗಂಡನ ಜೊತೆ ಹೊರಟಳು. ದಾರಿಯುದ್ದಕ್ಕೂ ಅಳಲಿಲ್ಲ. ಎಲ್ಲ ಮುಗಿದ ಮೇಲೆ, ಸಮಾಧಿಯ ಹಸಿ ಮಣ್ಣಿನ ಹತ್ತಿರ ಒಬ್ಬಳೇ ನಿಂತು ಸಾಕಾಗುವಷ್ಟು ಅತ್ತಳು.

ಮನೆಗೆ ಬಂದಾಗ ಸಂಜೆಯ ಬಿಸಿಲು ಗೋಡೆಯ ತಲೆಗೆ ಏರಿತ್ತು. ಚಳಿಗೆ ಬೆರಳುಗಳು ಆಗಲೇ ಮರಗಟ್ಟುತ್ತಿದ್ದವು. ಮಷೀನು ಮತ್ತೆ ಓಡಿತು. ಈ ಸಲ ಯಾರೂ ಮುಖ ನೋಡಿಕೊಳ್ಳಲಿಲ್ಲ. ಪೋಸ್ಟ್‌ಮ್ಯಾನ್ ಹುಲ್ಲಿನ ಹೊರೆ ತಂದು ಹಿತ್ತಿಲಲ್ಲಿ ಹಾಕಿದ. ಅಕ್ಕ ಸೆರಗು ಸಿಕ್ಕಿಸಿ, ಗಿಡದ ಕೊಂಬೆಗಳನ್ನು ತಬ್ಬಿ ಹಿಡಿದಳು.

"ಮುಳ್ಳು ಚುಚ್ಚತ್ತೆ ಅಕ್ಕ."

"ಚುಚ್ಚಲಿ ಬಿಡು. ಚಿಕ್ಕವನಿದ್ದಾಗ ಅವನು ನನಗೆ ಸೂಜಿ ಚುಚ್ಚಿದ್ದಕ್ಕಿಂತ ಹೆಚ್ಚಾ? ನೀನು ಬೇಗ ಹಾಕು."

ಹುಲ್ಲು ತುಂಬಿ ಕೋಟು ತೊಡಿಸಿದರು. ಹೊಲಿಗೆ ಸೊಟ್ಟ, ಗುಂಡಿಗಳು ಬೇರೆ ಬೇರೆ ಬಣ್ಣ. ಆದರೂ ಮೈಗೆ ಸರಿಯಾಗಿ ಕೂತಿತು. ಕೆಳಗೆ ಮಾತ್ರ ನೆಲಕ್ಕೆ ಎಳೆಯುತ್ತಿತ್ತು.

"ಉದ್ದ ಜಾಸ್ತಿ ಆಯ್ತಲ್ಲೇ. ಕತ್ತರಿ ಕೊಡು."

"ಬೇಡ ಅಕ್ಕ, ಕತ್ತರಿಸ್ಬೇಡಿ."

ಅವಳು ತಣ್ಣನೆಯ ನೆಲದ ಮೇಲೆ ಮಂಡಿಯೂರಿದಳು. ಟೇಪು ಅವನ ಜೊತೆ ಹೋಗಿತ್ತು. ಹೆಬ್ಬೆರಳಿನ ಗೆಣ್ಣು ಇಟ್ಟು ಒಂದು, ಎರಡು ಎಂದು ಎಣಿಸಿ, ಅಂಚನ್ನು ಒಳಕ್ಕೆ ಮಡಚಿ, ಬೇಕಾದಾಗ ಸುಲಭವಾಗಿ ಬಿಚ್ಚಲು ಬರುವಂತೆ ದೊಡ್ಡ ದೊಡ್ಡ ಹೊಲಿಗೆ ಹಾಕುತ್ತ ಹೋದಳು.