ಜೇಬಿನಲ್ಲಿ ಉಳಿದ ಮಾತ್ರೆಗಳು

ಸಕ್ಕರೆ ಕಾಯಿಲೆಯ ಮನುಷ್ಯನೊಬ್ಬ ಜ್ವರದಿಂದ ಮಲಗಿರುವಾಗ, ಅವನ ಕಿವಿಗೆ ಬೀಳುವಂತೆ ಸತ್ತವರ ಸುದ್ದಿ ಹೇಳುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು?

ಇಸ್ತ್ರಿ ಅಂಗಡಿಯವಳ ಮನೆಯಲ್ಲಿ ನಡೆದದ್ದು ಅದೇ. ಬೀದಿಯಲ್ಲಿ ಅಂಟುಜ್ವರ ಹಬ್ಬಿತ್ತು. ಅವಳ ಗಂಡನಿಗೆ ಮೊದಲೇ ಸಕ್ಕರೆ ಕಾಯಿಲೆ. ಅದರ ಮೇಲೆ ಈ ಜ್ವರ. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ. ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಬಟ್ಟೆ ಕೊಡಲು ಬಂದವರೊಬ್ಬರು ಮೇಜಿಗೆ ಒರಗಿ, "ಸಕ್ಕರೆ ಇದ್ದೋರಿಗೆ ಈ ಜ್ವರ ಬಂದ್ರೆ ಮುಗೀತು ಬಿಡಮ್ಮ. ನಮ್ಮ ಷಡ್ಡಕ ಹೋಗಿದ್ದೂ ಹೀಗೇನೇ" ಎಂದು, ಉಪಕಾರ ಮಾಡಿದವರಂತೆ ಹೇಳಿ ಹೋದರು.

ಅಂದಿನಿಂದ ಗಂಡ ಗೋಡೆಯ ಕಡೆ ಮುಖ ಮಾಡಿದ. ಊಟ ಸೇರದು, ನಿದ್ದೆ ಬಾರದು. ಎದೆ ಡವಡವ ಎನ್ನುತ್ತದೆಂದು ಎದ್ದು ಕೂರುವನು. "ಗಂಡಸಾಗಿ ಇಷ್ಟು ಪುಕ್ಕಲಾದ್ರೆ ಹೇಗ್ರೀ? ಧೈರ್ಯ ತಗೊಳ್ಳಿ" ಎಂದು ಅವಳು ಗದರಿದಳು. ಗದರಿಕೆಯೇ ಮದ್ದೆಂದು ಅವಳ ನಂಬಿಕೆ.

ಇಸ್ತ್ರಿಯವರ ಕೈಗೊಂದು ಅಭ್ಯಾಸವಿದೆ: ಯಾರ ಅಂಗಿಯೇ ಆಗಲಿ, ಮುಟ್ಟಿದೊಡನೆ ಜೇಬು ತಡಕುತ್ತದೆ. ಗಂಡನ ಅಂಗಿಯನ್ನು ಒಗೆಯಲು ಎತ್ತಿಕೊಂಡಾಗ ಅವಳ ಬೆರಳಿಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆಯ ಮಾತ್ರೆಗಳು. ಅವಳೆದುರೇ ಗಟಗಟ ನೀರು ಕುಡಿದವನು ಮಾತ್ರೆಯನ್ನು ಮಾತ್ರ ನುಂಗಿರಲಿಲ್ಲ.

"ಏನ್ರೀ ಇದು?"

"ಹೇಗಿದ್ರೂ ಹೋಗೋನು ನಾನು. ಮಾತ್ರೆ ಯಾಕೆ ದಂಡ?"

ಅವಳು ಅಂಗಿಯನ್ನು ಅಲ್ಲೇ ಬಿಟ್ಟಳು. ಪಕ್ಕದ ಓಣಿಗೆ ಓಡಿ, ಅಲ್ಲಿದ್ದ ನರ್ಸಕ್ಕನಿಗೆ ನಡೆದದ್ದೆಲ್ಲ ಹೇಳಿ ಕರೆತಂದಳು. ನರ್ಸಕ್ಕ ಮಾಸ್ಕ್ ಹಾಕಿಕೊಂಡು ಒಳಬಂದು, ಕಿಟಕಿ ತೆರೆಸಿ, ಬೆರಳು ಚುಚ್ಚಿ ಸಕ್ಕರೆ ನೋಡಿದಳು. ವಿಪರೀತ ಏರಿತ್ತು.

"ಜ್ವರ ಬಂದ್ರೇನೇ ಸಕ್ಕರೆ ಏರುತ್ತೆ ಅಣ್ಣ. ಮಾತ್ರೆನೂ ಬಿಟ್ರೆ ಕೇಳ್ಬೇಕಾ? ಬಿಡೋದೋ ಬದಲಾಯಿಸೋದೋ ಡಾಕ್ಟ್ರು ಹೇಳ್ಬೇಕು, ನೀವಲ್ಲ. ಈಗಲೇ ಆಸ್ಪತ್ರೆಗೆ ನಡೀರಿ. ಮನಸ್ಸಿನ ಭಯಾನೂ ಅಲ್ಲೇ ಹೇಳ್ಕೊಳ್ಳಿ."

ತಮ್ಮನನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಗಂಡನ ಅಕ್ಕ ಸಿಡಿದಳು. "ಮನಸ್ಸಿಗೂ ಡಾಕ್ಟ್ರಾ? ನನ್ನ ತಮ್ಮನಿಗೆ ಹುಚ್ಚು ಅಂತ ಡಂಗುರ ಹೊಡೀತೀರಾ?"

"ಕಾಲಿಗೆ ಹುಣ್ಣಾದ್ರೆ ಡಾಕ್ಟ್ರಿಗೆ ತೋರಿಸ್ತೀರಿ ತಾನೇ ಅಕ್ಕ? ಇದೂ ಹಾಗೇ. ಸಕ್ಕರೆ ಕಾಯಿಲೆಯೋರನ್ನ ಭಯ, ಬೇಸರ ಬೇಗ ಹಿಡ್ಕೊಳ್ಳುತ್ತೆ. ಜ್ವರ ಬಂದು ಒಂಟಿಯಾಗಿ ಮಲಗಿದ್ರಂತೂ ಇನ್ನೂ ಜಾಸ್ತಿ. ಇದು ಹುಚ್ಚಲ್ಲ, ಪುಕ್ಕಲುತನಾನೂ ಅಲ್ಲ."

ಕೊನೆಯ ಮಾತು ಹೆಂಡತಿಗೆ ಚುರುಕ್ಕೆಂದಿತು. "ಅಕ್ಕ, ಬೇಕಾದ್ರೆ ಡಂಗುರ ನಾನೇ ಹೊಡೀತೀನಿ. ಜನ ಏನಾದ್ರೂ ಅಂದ್ಕೊಳ್ಳಲಿ, ನನಗೆ ಗಂಡ ಬೇಕು" ಎಂದವಳೇ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರಿಸಿ, ಅಂಗಡಿಯ ಬಾಗಿಲೆಳೆದು, ಗಂಡನನ್ನು ಎಬ್ಬಿಸಿದಳು.

ಆಸ್ಪತ್ರೆಯಲ್ಲಿ ವೈದ್ಯರು ಔಷಧಿಗಳನ್ನು ಸರಿಪಡಿಸಿ, "ಬದುಕೋದೇ ಬೇಡ ಅನ್ಸುತ್ತಾ?" ಎಂದು ನೇರವಾಗಿ ಕೇಳಿದರು. ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ! ಅವನು ಬಿಕ್ಕಿಬಿಕ್ಕಿ ಅತ್ತು, ಪರದೆಯಾಚೆಯಿಂದ ಕೇಳಿಸಿಕೊಂಡದ್ದನ್ನೆಲ್ಲ ಹೇಳಿದ. "ಹೆಚ್ಚು ಎಚ್ಚರ ಬೇಕು, ನಿಜ. ಆದ್ರೆ ನಿಮ್ಮ ಕಥೆ ಮುಗಿದಿಲ್ಲ" ಎಂದ ವೈದ್ಯರು ಅವನನ್ನು ಆಪ್ತಸಮಾಲೋಚಕರ ಬಳಿಗೂ ಕಳುಹಿಸಿದರು.

ಜ್ವರ ಬೇಗ ಇಳಿಯಿತು. ಮನಸ್ಸು ಅಷ್ಟು ಬೇಗ ತಿಳಿಯಾಗಲಿಲ್ಲ. ಒಂದು ದಿನ ನಕ್ಕರೆ ಮರುದಿನ ಮಂಕು. ಆದರೂ ಸಮಾಲೋಚನೆ ತಪ್ಪಿಸಲಿಲ್ಲ. ತಮ್ಮ ಮತ್ತೆ ಊಟಕ್ಕೆ ಕೂತದ್ದನ್ನು ಕಂಡ ಮೇಲೆ, ಅವನನ್ನು ಅಲ್ಲಿಗೆ ಕರೆದೊಯ್ಯುವವಳು ಈಗ ಅಕ್ಕನೇ. ದಾರಿಯಲ್ಲಿ ಯಾರಾದರೂ ಎಲ್ಲಿಗೆಂದು ಕೇಳಿದರೆ, "ಮನಸ್ಸಿನ ಡಾಕ್ಟ್ರ ಹತ್ರ. ನಿಂಗೂ ಒಂದು ಚೀಟಿ ಮಾಡಿಸ್ಲಾ?" ಎನ್ನುತ್ತಾಳೆ.

ಓದುಗರೇ, ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಸಕ್ಕರೆ ಕಾಯಿಲೆಯವರು ಜ್ವರದಿಂದ ಮಲಗಿದ್ದಾರೆಯೇ? ಹೆದರಿಸಬೇಡಿ, ಹೀಯಾಳಿಸಬೇಡಿ. ಮಾತ್ರೆ ನುಂಗಿದರೇ ಎಂದು ನೋಡಿ. ಮನಸ್ಸು ಹೇಗಿದೆ ಎಂದೂ ಕೇಳಿ. ಸಾವಿನ ಮಾತು ಅವರ ಬಾಯಿಂದ ಬಂದರೆ ಒಂಟಿಯಾಗಿ ಬಿಡದೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಹಾಳೆಯನ್ನು ಮಡಚಿಡುವ ಮೊದಲು ಎದ್ದು ಹೋಗಿ, ಅವರ ಪಕ್ಕದಲ್ಲಿ ಕುಳಿತು ಕೇಳಿ.