ಒಂದೇ ಕಂಪನಿ, ಎರಡು ಹುದ್ದೆ

ಒಂದೇ ಕಂಪನಿಯಲ್ಲಿ ಬಡ್ತಿ ಸಿಕ್ಕಿದ್ದನ್ನು ರೆಸ್ಯೂಮೆಯಲ್ಲಿ ತೋರಿಸುವುದು ಹೇಗೆ ಎಂದು ಎರಡು ದಿನ ತಲೆ ಕೆಡಿಸಿಕೊಂಡು ಕಲಿತಿದ್ದೆ. ಕಂಪನಿಯ ಹೆಸರು ಒಂದು ಸಲ ಸಾಕು. ಅದರ ಕೆಳಗೆ ಹೊಸ ಹುದ್ದೆ ಮೊದಲು, ಹಳೆಯದು ಆಮೇಲೆ, ಎರಡಕ್ಕೂ ಬೇರೆ ಬೇರೆ ತಾರೀಖು. ಬಡ್ತಿ ಯಾಕೆ ಸಿಕ್ಕಿತು ಅನ್ನುವುದಕ್ಕೆ ಒಂದು ಸಾಲು. ಆ ಸಾಲು ಬರೆಯುವಾಗ ನನಗೇನೂ ಅನ್ನಿಸಲಿಲ್ಲ. ಈಗ ಅದನ್ನು ಹೇಳಿಕೊಳ್ಳಲೂ ನಾಚಿಕೆ.

ನಮ್ಮ ಔಷಧಿ ಕಾರ್ಖಾನೆ ತಿಂಗಳ ಕೊನೆಗೆ ಬಾಗಿಲು ಹಾಕುವುದಿತ್ತು. ಇನ್ನೊಂದು ಕಾರ್ಖಾನೆಯವರಿಗೆ ಪ್ಯಾಕಿಂಗಿಗೆ ಒಬ್ಬ ಸೂಪರ್‌ವೈಸರ್ ಬೇಕಿತ್ತು; ನನ್ನ ರೆಸ್ಯೂಮೆ ಆ ಕೆಲಸಕ್ಕೇ. ಭಾನುವಾರ ಮಧ್ಯಾಹ್ನ ದೊಡ್ಡಕ್ಕ ನಮ್ಮ ಮನೆಗೆ ಬಂದರು. ಟೇಪು ಹಚ್ಚುವುದರಿಂದ ಹಿಡಿದು ನನಗೆ ಕೆಲಸವೆಲ್ಲ ಕಲಿಸಿದವರು, ಪ್ಯಾಕಿಂಗಿನಲ್ಲಿ ಎಲ್ಲರಿಗೂ ದೊಡ್ಡಕ್ಕನೇ. ಇಪ್ಪತ್ತೆರಡು ವರ್ಷ ಪೆಟ್ಟಿಗೆ ಎತ್ತಿ ಇಳಿಸಿ ಎರಡೂ ಮಣಿಕಟ್ಟಿಗೆ ಪಟ್ಟಿ ಬಿದ್ದಿತ್ತು.

"ನಂಗೂ ಒಂದು ಬರ್ದುಕೊಡೇ. ಇನ್ನು ಪೆಟ್ಟಿಗೆ ಎತ್ತೋಕೆ ಕೈಲಾಗಲ್ಲ. ಈ ಸೂಪರ್‌ವೈಸರ್ ಕೆಲ್ಸ ಸಿಗ್ಲಿಲ್ಲ ಅಂದ್ರೆ ಮನೇಲಿ ಕೂರೋದೇ ಗತಿ. ನಿಂದು ಹೇಗೆ ಬರ್ದಿದ್ದೀಯೋ ಹಾಗೇ ಬರಿ. ಇಬ್ರೂ ಮಾಡಿದ್ದು ಒಂದೇ ಕೆಲ್ಸ ತಾನೇ?"

ನನ್ನದರಲ್ಲಿದ್ದ ಆ ಒಂದು ಸಾಲು ನೆನಪಾಯಿತು. 'ಮುಚ್ಚಿದ ಪೆಟ್ಟಿಗೆ ತೂಗಿ, ಬಾಟಲಿ ಕಡಿಮೆ ಇರುವುದನ್ನು ಪತ್ತೆ ಹಚ್ಚುವ ಕ್ರಮ ಜಾರಿಗೆ ತಂದೆ.' ಇದು ನನ್ನ ಬಡ್ತಿಯ ಸಾಲು. ಉಪಾಯ ದೊಡ್ಡಕ್ಕನದು. ನಾವೆಲ್ಲ ಪೆಟ್ಟಿಗೆ ಬಿಚ್ಚಿ ಬಾಟಲಿ ಎಣಿಸಿ ಸಾಯುತ್ತಿದ್ದಾಗ, "ಬಿಚ್ಚೋದ್ಯಾಕೆ, ತೂಗಿದ್ರೆ ಗೊತ್ತಾಗಲ್ವಾ?" ಎಂದವರು ಅವರು. ಮಗಳ ಹೆರಿಗೆಗೆಂದು ಅವರು ರಜೆಯಲ್ಲಿದ್ದಾಗ ಮ್ಯಾನೇಜರ್ ಬಂದು, ಇದು ಯಾರ ತಲೆ ಎಂದು ಕೇಳಿದರು. ನನ್ನದು ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದ್ದು.

ಅವರು ರಜೆ ಮುಗಿಸಿ ಬರುವಷ್ಟರಲ್ಲಿ ನಾನು ಸೂಪರ್‌ವೈಸರ್. ಬೆನ್ನು ತಟ್ಟಿ, "ಒಳ್ಳೇದಾಯ್ತು ಬಿಡು" ಎಂದಿದ್ದರು. ಅವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಐದು ವರ್ಷ ಹಾಯಾಗಿದ್ದೆ. ಎಂಥ ಭಂಡತನ ನನ್ನದು!

ಕಂಪನಿಯ ಹೆಸರು, ಹುದ್ದೆ, ತಾರೀಖು ಟೈಪ್ ಮಾಡಿದೆ. ಆಮೇಲೆ ಬೆರಳು ಓಡಲಿಲ್ಲ.

"ಅಕ್ಕಾ, ಆ ತೂಗೋ ವಿಷಯ ನಿಮ್ಮದರಲ್ಲಿ ಹಾಕ್ಲಾ?"

"ನಿಂದರಲ್ಲಿ ಹಾಕಿದ್ದೀಯಾ?"

ತಲೆ ಎತ್ತದೆ ಹೂಂ ಎಂದೆ.

"ಹಾಗಾದ್ರೆ ನಂಗೆ ಬೇಡ. ಎರಡೂ ಕಾಗದ ಒಂದೇ ಮೇಜಿಗೆ ಹೋಗುತ್ತೆ. ಬಡ್ತಿ ಪತ್ರ ಇರೋದು ನಿನ್ನ ಹತ್ರ. ಸುಳ್ಳು ಹೇಳಿದೋಳು ನಾನೇ ಆಗ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಎದುರಾಡಿ ಬಚಾವಾಗುತ್ತಿದ್ದೆ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. 'ನನ್ನದರಿಂದ ತೆಗೀತೀನಿ ಅಕ್ಕಾ' ಅಂದಿದ್ದರೆ ಸಾಕಿತ್ತು. ಮಾತು ಬಾಯಿಯ ತನಕ ಬಂತು. ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ನೆನಪಾಗಿ, ನುಂಗಿಕೊಂಡೆ.

"ಕನ್ನಡಕ ತಂದಿಲ್ಲ, ಏನು ಬರ್ದೆ ಓದು" ಎಂದರು ದೊಡ್ಡಕ್ಕ.

"ಪ್ಯಾಕರ್. ಇಪ್ಪತ್ತೆರಡು ವರ್ಷ."

ಅವರು ಇನ್ನೂ ಇದೆ ಎಂದು ಕಾದರು.

"ಅಷ್ಟೇನಾ?"

"ಅಷ್ಟೇ ಅಕ್ಕಾ" ಎಂದೆ.