ರಾಕ್ಷಸಿ, ದೇವತೆ ಮತ್ತು ಕಾಫಿ ಹಾಕುವ ವರ್ನಾ

ಅಂದು ಸಂಜೆ ಯಂಗ್ಸ್‌ಟೌನಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ನಾನು ಗೆಲ್ಲಬೇಕೆಂದು ಗಸ್ ತೀರ್ಮಾನಿಸಿದ್ದ. ವರ್ಷಗಟ್ಟಲೆ ಕುಸ್ತಿಯಾಡಿ, ಅಂದರೆ ವರ್ಷಗಟ್ಟಲೆ ಸೋತು, ಕೊನೆಗೂ ಚಾಂಪಿಯನ್ ಬೆಲ್ಟು ನನ್ನ ಸೊಂಟಕ್ಕೆ ಬರುವುದಿತ್ತು. ನಮ್ಮದು ಪ್ರದರ್ಶನದ ಕುಸ್ತಿ, ಸೋಲು-ಗೆಲುವು ಮೊದಲೇ ನಿಗದಿ. ಸೋಲಬೇಕಾದವಳು ಡೆನಿಸ್. ಅಖಾಡದಲ್ಲಿ ಅವಳು ದೇವತೆ, ನಾನು ರಾಕ್ಷಸಿ. ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಹೇರ್ ಡ್ರೈಯರ್.

ಗಸ್ ಹಳೇ ಕಾಲದ ವ್ಯವಸ್ಥಾಪಕ. ದೇವತೆ, ರಾಕ್ಷಸಿಯರು ಹೊರಗೆ ಒಟ್ಟಿಗೆ ಕಾಣಿಸಿಕೊಳ್ಳಕೂಡದು ಎಂಬುದು ಅವನು ನಂಬಿದ ಒಂದೇ ಧರ್ಮ. ಒಂದೇ ಕಾರಿನಲ್ಲಿ ಬಂದರೆಂದು ಹಿಂದಿನ ತಿಂಗಳು ಬೇರೆ ಇಬ್ಬರನ್ನು ಪಂದ್ಯದಿಂದಲೇ ಕಿತ್ತುಹಾಕಿದ್ದ. ಅದಕ್ಕೇ ಡೆನಿಸ್ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿ ಬರುತ್ತಿದ್ದಳು. ಆದರೆ ಕಂಬಳಿಯೊಳಗಿದ್ದವರಿಗೂ ಹಸಿವಾಗುತ್ತದಲ್ಲ.

ಅಂದು ಬೆಳಿಗ್ಗೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಒಂದೇ ತಟ್ಟೆಯಿಂದ ಪ್ಯಾನ್‌ಕೇಕ್ ತಿನ್ನುತ್ತಿದ್ದಾಗ ಡೆನಿಸ್ ಅಗಿಯುವುದನ್ನು ನಿಲ್ಲಿಸಿದಳು.

"ಹಿಂದೆ ತಿರುಗಬೇಡ ಕಣೇ. ಕ್ಲಿಫರ್ಡ್ ಕೂತಿದಾನೆ."

ಕ್ಲಿಫರ್ಡ್ ನಮ್ಮ ಅಭಿಮಾನಿ. ಹೆಂಗಸರ ಕುಸ್ತಿಗೆಂದೇ ಇಂಟರ್ನೆಟ್ಟಿನಲ್ಲಿ ಒಂದು ಪುಟ ನಡೆಸುತ್ತಿದ್ದ. ಅವನು ಮನೆಗೆ ಹೋಗಿ ಮೋಡೆಮ್ಮನ್ನು ಕಿರುಚಿಸಿ ಇಂಟರ್ನೆಟ್ಟಿಗೆ ಚಿತ್ರ ಏರಿಸಿದರೆ ಸಂಜೆಯೊಳಗೆ ಗಸ್‌ಗೆ ಗೊತ್ತಾಗುತ್ತಿತ್ತು. ನನ್ನ ಬೆಲ್ಟು ಅಲ್ಲಿಗೆ ಮುಗಿದಂತೆ.

"ನಮ್ಮನ್ನ ನೋಡಿದ್ನಾ?"

"ಕ್ಯಾಮೆರಾ ತೆಗೀತಿದಾನೆ."

"ಹಾಗಾದ್ರೆ ಹೊಡಿ ನಂಗೆ."

"ಬಾಯಲ್ಲಿ ತುತ್ತಿದೆ."

"ನುಂಗಿ ಹೊಡಿಯೇ."

ಅವಳು ನುಂಗಿದಳು. ಆಮೇಲೆ ಸಿರಪ್ಪಿನ ಬಾಟಲಿಯನ್ನು ನನ್ನ ತಲೆಯ ಮೇಲೆ ಬಗ್ಗಿಸಿ, "ನನ್ನ ಮೇಜಿಗೇ ಬಂದು ಕೂರ್ತೀಯಾ" ಎಂದು ಅಬ್ಬರಿಸಿದಳು. ನಾನು ಅವಳ ಜುಟ್ಟು ಹಿಡಿದು ನೆಲಕ್ಕೆ ಕೆಡವಿದೆ. ನಿಜವಾಗಿ ಅವಳೇ ಹಾರಿ ಬಿದ್ದಳು. ನಮ್ಮ ಕಸುಬೇ ಅದು.

ಕಾಫಿ ಹಾಕುತ್ತಿದ್ದ ವರ್ನಾಗೆ ಅದು ಗೊತ್ತಿರಲಿಲ್ಲ. ಅರವತ್ತರ ಹತ್ತಿರದ ಆ ಹೆಂಗಸು ಜಗ್ಗನ್ನು ಕೆಳಗಿಟ್ಟು ಬಂದಳು.

"ಚಿನ್ನಾ, ಆ ಹುಡುಗೀನ ಬಿಡು."

ಆಗಲೇ ಕ್ಷಮೆ ಕೇಳಬೇಕಿತ್ತು. ಆದರೆ ಕ್ಯಾಮೆರಾ ಎದುರಿಗೆ ರಾಕ್ಷಸಿ ಕ್ಷಮೆ ಕೇಳುವುದುಂಟೇ?

"ಹೋಗಜ್ಜಿ, ಮೊಟ್ಟೆ ಹೊತ್ತಿಹೋಗ್ತಿದೆ ನೋಡು."

ಅವಳು ನನ್ನನ್ನು ಸೊಂಟ ಹಿಡಿದು ಎತ್ತಿದಳು. ಅಲ್ಲಿಯವರೆಗೆ ನನ್ನನ್ನು ಯಾರೂ ನಿಜವಾಗಿ ಎತ್ತಿರಲಿಲ್ಲ. ಎತ್ತುವವರಿಗೆಲ್ಲ ನಾನೇ ಸ್ವಲ್ಪ ಜಿಗಿದು ಸಹಾಯ ಮಾಡುತ್ತಿದ್ದೆ. ನೆಲಕ್ಕೆ ಹಾಕಿ ಮೇಲೆ ಕುಳಿತಳು. ಕ್ಲಿಫರ್ಡ್ ಒಂದು ಚಿತ್ರ ತೆಗೆದು, ಭಕ್ತಿಯಿಂದ ಮೊಣಕಾಲೂರಿ, ನೆಲ ಬಡಿದು ಮೂರು ಎಣಿಸಿದ. ಮೂರು ಎಣಿಸುವಷ್ಟರಲ್ಲಿ ಭುಜ ಮೇಲೇಳದಿದ್ದರೆ ಕುಸ್ತಿಯಲ್ಲಿ ಸೋತಂತೆ.

ಸಂಜೆಗೆ ಅವನ ಪುಟದಲ್ಲಿ ಆ ಚಿತ್ರವನ್ನು ಎಲ್ಲರೂ ನೋಡಿಯಾಗಿತ್ತು.

"ಹೊಡೆದಾಡಿದ್ದು ಒಳ್ಳೇದಾಯ್ತು, ಲೊರೆಟಾ. ಮರ್ಯಾದೆ ಉಳಿಸಿದ್ರಿ" ಎಂದ ಗಸ್.

"ಹಾಗಾದ್ರೆ ಬೆಲ್ಟು?"

"ಕಾಫಿ ಹಾಕೋಳ ಹತ್ರ ಸೋತೋಳಿಗೆ ಬೆಲ್ಟು ಕೊಟ್ರೆ ಜನ ನಗ್ತಾರಮ್ಮ. ಮೊದಲು ಅವಳನ್ನ ಸೋಲಿಸು. ಇವತ್ತೇ ಬರ್ತಿದಾಳೆ. ಗೆದ್ದೋರಿಗೆ ಬೆಲ್ಟು."

"ಸೋಲ್ಬೇಕು ಅಂತ ಅವಳಿಗೆ ಹೇಳಿದೀರಾ?"

"ಹೇಳ್ದೆ. ಯಾಕೆ ಅಂತ ಕೇಳಿದ್ಳು." ಗಸ್ ಕತ್ತು ಕೆರೆದುಕೊಂಡ. "ನೀನೇ ಹೇಳಿ ನೋಡಮ್ಮ."

ಸಭಾಂಗಣ ತುಂಬಿತ್ತು. ಗಂಟೆ ಬಾರಿಸಿ ಸ್ವಲ್ಪ ಹೊತ್ತಿಗೇ ವರ್ನಾ ನನ್ನ ಎದೆಯ ಮೇಲೆ ಆರಾಮಾಗಿ ಕುಳಿತಿದ್ದಳು.

"ಎಷ್ಟು ಹೊತ್ತು ಹಿಂಗೇ ಕೂರ್ಬೇಕು ಚಿನ್ನಾ? ನಂಗೆ ಪಾಳಿ ಇದೆ."

"ಮೂರು ಎಣಿಸೋವರೆಗೆ" ಎಂದೆ. ಭುಜ ಎತ್ತಲು ನೋಡಿದೆ. ಆಗಲಿಲ್ಲ.

"ಅಷ್ಟೇನಾ" ಎಂದಳು ಅವಳು.